ಬ್ಯಾಂಡಿನವನ ಬದುಕು ಮತ್ತು ಮಣ್ಣು: ಬರೆದಿಡುವುದು ಹೇಗೆ

ನಮ್ಮ ಮನೆಯಲ್ಲಿ ಒಂದು ಹಳೇ ಕಾರ್ನೆಟ್ ಇದೆ, ತುತ್ತೂರಿಯಂಥ ಊದುವ ವಾದ್ಯ. ಬೆಳ್ಳಿ ನೀರು ಕೊಟ್ಟದ್ದು. ಎಡಗೈಯಲ್ಲಿ ಹಿಡಿಯುವ ಜಾಗದಲ್ಲಿ ಬೆಳ್ಳಿ ಸವೆದು ಹಿತ್ತಾಳೆ ಕಾಣುತ್ತದೆ. ಸರಿಯಾಗಿ ನೋಡಿದರೆ ಅಲ್ಲಿ ಎರಡು ಸವೆತ ಇವೆ. ಒಂದು ದೊಡ್ಡ ಅಂಗೈಯದು, ಅದು ನಮ್ಮ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು. ಅದರ ಸ್ವಲ್ಪ ಕೆಳಗೆ ಇನ್ನೊಂದು, ಚಿಕ್ಕ ಕೈಯದು. ಅದು ಮುತ್ಯಾನಿಗಿಂತ ಮೊದಲು ಇದನ್ನು ಊದಿದವನದು.

ಮುತ್ಯಾ ಸೊಲ್ಲಾಪುರದ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದ. ಪಾಳಿ ಮುಗಿಸಿ ಬಂದು, ಮೈ ತೊಳೆದು, ಬ್ಯಾಂಡಿಗೆ ಹೋಗುತ್ತಿದ್ದ. ಈ ಕಾರ್ನೆಟ್ಟನ್ನು ಪುಣೆಯ ಜುನಾ ಬಜಾರದಲ್ಲಿ ಕೊಂಡದ್ದು. 1983ರ ಶ್ರಾವಣದಲ್ಲಿ ತೀರಿಕೊಂಡ. ಆಗ ನನಗೆ ಹನ್ನೊಂದು ವರ್ಷ.

ಕೆಲವು ವರ್ಷಗಳ ಹಿಂದೆ ಅವನ ಬಗ್ಗೆ ಬರೆಯಬೇಕು ಅಂತ ಕೂತೆ. ನಾಲ್ಕು ಸಾಲಿಗೆ ನಿಂತುಹೋಯಿತು. ಹುಟ್ಟಿದ, ಗಿರಣಿ ಸೇರಿದ, ಬ್ಯಾಂಡ್ ಬಾರಿಸಿದ, ಸತ್ತ. ಅಷ್ಟೇನಾ ಒಬ್ಬ ಮನುಷ್ಯ? ತುಂಬಾ ಬೇಜಾರಾಯಿತು. ಆಮೇಲೆ ಕಾರ್ನೆಟ್ಟಿನ ಮೇಲೆ ಕೆತ್ತಿದ ಹೆಸರು ಹಿಡಿದು ಹುಡುಕುತ್ತಾ ಹೋದೆ. ಹೈಯಮ್, ಮ್ಯಾಂಚೆಸ್ಟರ್. ಹಾಗೆ ಹೋದಾಗ ಇಂಗ್ಲೆಂಡಿನ ಉತ್ತರ ಭಾಗದ ಜನ ತಮ್ಮ ಮುತ್ತಜ್ಜಂದಿರ ಬದುಕನ್ನು ಹೇಗೆ ಹೆಕ್ಕಿ ತೆಗೆಯುತ್ತಾರೆ ಅನ್ನೋದು ತಿಳಿಯಿತು. ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. ಆ ಮುತ್ತಜ್ಜಂದಿರೂ ಗಿರಣಿಯವರೇ, ಕಲ್ಲಿದ್ದಲ ಗಣಿಯವರೇ. ದಿನಕ್ಕೆ ಹತ್ತು ತಾಸು ದುಡಿದು ಸಂಜೆ ಕಾರ್ನೆಟ್ ಊದಿದವರು. ಅವರ ಹೆಸರೂ ಎಲ್ಲೂ ನೆಟ್ಟಗೆ ಬರೆದಿಲ್ಲ. ಅವರನ್ನು ಹುಡುಕಲು ಹಾಕಿದ ದಾರಿಯಲ್ಲೇ ನಡೆದು ನಾನು ಮುತ್ಯಾನನ್ನು ಹುಡುಕಿದೆ. ನಾಲ್ಕು ಸಾಲು ಮೂವತ್ತೆರಡು ಪುಟ ಆಯಿತು.

ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಉಮರ್ಗಾ ಕಡೆ ಎಷ್ಟೋ ಕನ್ನಡ ಮನೆಗಳಲ್ಲಿ ಇಂಥ ಒಬ್ಬ ಮುತ್ಯಾ ಇದ್ದಾನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಾದ್ಯವನ್ನು ಓದಿ

ವಾದ್ಯ ಮನೆಯಲ್ಲಿದ್ದರೆ ಅದೇ ಮೊದಲ ಕಾಗದಪತ್ರ. ದಯವಿಟ್ಟು ತಿಕ್ಕಬೇಡಿ. ನಮ್ಮ ಕಾಕಾ ಪ್ರತಿ ವರ್ಷ ಖಂಡೇಪೂಜೆಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಹೊಳೆಯುವ ಹಾಗೆ ಮಾಡುತ್ತಿದ್ದರು. ಭಕ್ತಿಯಿಂದಲೇ ಮಾಡಿದರು. ಆದರೆ ಬೆರಳಿನಿಂದ ಒತ್ತುವ ವಾಲ್ವುಗಳಲ್ಲಿ ನಡುವಿನದರ ಮೇಲೆ ಕೆತ್ತಿದ್ದ ನಂಬರು ಅದರಲ್ಲೇ ಸವೆದುಹೋಯಿತು. ಈಗ ಕೊನೆಯ ಎರಡು ಅಂಕಿ ಮಾತ್ರ ಉಳಿದಿವೆ.

ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪು ಹಾಕಿ. ಹಳೇ ಧೋತರದ ಮೆತ್ತನೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ. ಆಮೇಲೆ ಕತ್ತಲಾದ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಲ್ಲಿ ಕಾಣದ ಅಕ್ಷರ ಓರೆ ಬೆಳಕಲ್ಲಿ ಏಳುತ್ತದೆ. ತೆಳ್ಳಗಿನ ಕಾಗದ ಇಟ್ಟು ಮೇಲೆ ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿದರೂ ಆಗುತ್ತದೆ, ನಾವು ಚಿಕ್ಕವರಿದ್ದಾಗ ನಾಣ್ಯದ ಚಿತ್ರ ತೆಗೆಯುತ್ತಿದ್ದೆವಲ್ಲ, ಹಾಗೆ. ಎರಡು ಜಾಗ ತಪ್ಪದೇ ನೋಡಬೇಕು. ಒಂದು, ಗಂಟೆಯ ಹಾಗೆ ಅಗಲವಾಗುವ ಬಾಯಿ. ಅಲ್ಲಿ ಮಾಡಿದವರ ಹೆಸರು, ಊರು ಇರುತ್ತದೆ. ಇನ್ನೊಂದು, ಮೂರು ವಾಲ್ವುಗಳಲ್ಲಿ ನಡುವಿನದು. ಅಲ್ಲಿ ನಂಬರು.

ಜೋಸೆಫ್ ಹೈಯಮ್ ಮ್ಯಾಂಚೆಸ್ಟರಿನಲ್ಲಿ ಅಂಗಡಿ ತೆರೆದದ್ದು 1842ರಲ್ಲಿ. ಬೆಸನ್ ಅಂತ ಇದ್ದು ಯೂಸ್ಟನ್ ರೋಡ್ 198 ಅನ್ನುವ ವಿಳಾಸ ಇದ್ದರೆ ಅದು ಲಂಡನ್ನಿನದು. ಬೂಸಿ ಮತ್ತು ಹಾಕ್ಸ್ ಎರಡೂ ಹೆಸರು ಒಟ್ಟಿಗೆ ಇದ್ದರೆ 1930ರ ನಂತರದ್ದು, ಯಾಕಂದ್ರೆ ಆ ಎರಡು ಕಂಪನಿ ಒಂದಾದದ್ದೇ ಆ ವರ್ಷ. ಮೀರತ್ ಅಂತ ಇದ್ದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ದೇಶದ ಬ್ಯಾಂಡಿನವರಿಗೆಲ್ಲ ವಾದ್ಯ ಮಾಡಿಕೊಟ್ಟ ಊರು ಅದು. ಅಲ್ಲಿನ ಜಾಲಿ ಕೋಠಿಯಲ್ಲಿ ಈಗಲೂ ಹಿತ್ತಾಳೆ ಬಡಿಯುವ ಸದ್ದು ಇದೆ.

ಇನ್ನೊಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ಊದಲು ಬರುವ ಯಾರನ್ನಾದರೂ ಕರೆದು ಒಂದು ಸ್ವರ ಉದ್ದಕ್ಕೆ ಊದಿಸಿ. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಹಾಕಿ ನೋಡಿ. ಇಂದಿನ ವಾದ್ಯಗಳಲ್ಲಿ 'ಎ' ಅನ್ನುವ ಸ್ವರವನ್ನು 440ಕ್ಕೆ, ಅಂದರೆ ಸೆಕೆಂಡಿಗೆ 440 ಕಂಪನಕ್ಕೆ, ಕೂಡಿಸುತ್ತಾರೆ. ಇಂಗ್ಲೆಂಡಿನ ಹಳೇ ಬ್ಯಾಂಡುಗಳದು ಸುಮಾರು 452. ಅಂದರೆ ಒಂದು ಸ್ವರಸ್ಥಾನದ ಅರ್ಧದಷ್ಟು ಏರು. 1960ರ ದಶಕದವರೆಗೂ ಅವರು ಆ ಏರು ಶ್ರುತಿಯನ್ನು ಬಿಡಲಿಲ್ಲ. ನಮ್ಮ ಕಾರ್ನೆಟ್ ಊದಿದಾಗ ಮುಳ್ಳು ಅಲ್ಲಿಗೇ ಹೋಗಿ ನಿಂತಿತು. ನನಗೆ ಮೈ ಜುಮ್ಮೆಂದಿತು. ಯಾಕಂದ್ರೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವ ಮಾಸ್ತರರ ಬಗ್ಗೆ ಆಯಿ (ಅಜ್ಜಿ) ಒಂದು ಮಾತು ಹೇಳುತ್ತಿದ್ದಳು: "ನಿಮ್ಮ ಮುತ್ಯಾ ಮತ್ತ ಪೇಟಿ ಮಾಸ್ತರ ಒಂದ ದಿನಾ ಕೂಡಿ ಬರಲಿಲ್ಲ. ಅಂವಾ ಇಳಸಂತಿದ್ದ, ಇಂವಾ ಏರಸಂತಿದ್ದ." ನಾವೆಲ್ಲ ಅದು ಮನಸ್ಸಿನ ಜಗಳ ಅಂದುಕೊಂಡಿದ್ದೆವು. ಅಲ್ಲ. ಶ್ರುತಿ ಹೊಂದಿಸುವ ಕೊಳವೆಯನ್ನು ಮುತ್ಯಾ ತೀರಾ ಹೊರಗೆ ಎಳೆದು ಊದುತ್ತಿದ್ದ. ಕೊಳವೆಯ ಮೇಲೆ ಆ ಗೆರೆ ಇನ್ನೂ ಇದೆ, ಜಿಡ್ಡುಗಟ್ಟಿ ಕಪ್ಪಾಗಿ. ಹಾಗೆ ಎಳೆದರೂ ಸ್ವಲ್ಪ ಏರೇ ಉಳಿಯುತ್ತಿತ್ತು. ಮ್ಯಾಂಚೆಸ್ಟರಿನ ಒಂದು ಶ್ರುತಿ ಸೊಲ್ಲಾಪುರದ ಪೇಟಿಯ ಜೊತೆ ಮೂವತ್ತು ವರ್ಷ ಗುದ್ದಾಡಿದೆ.

ಹೆಸರು ಹುಡುಕುವಾಗ ಬ್ಯಾಂಡನ್ನು ಮರೆತುಬಿಡಿ

ಇದು ನಾನು ಇಂಗ್ಲೆಂಡಿನ ಆ ಜನರಿಂದ ಕಲಿತ ದೊಡ್ಡ ಪಾಠ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸರ್ಕಾರ ಹುಟ್ಟು, ಮದುವೆ, ಸಾವು ಬರೆದುಕೊಳ್ಳಲು ಶುರು ಮಾಡಿದ್ದು 1837ರ ಜುಲೈ 1ರಿಂದ. ಹತ್ತು ವರ್ಷಕ್ಕೊಮ್ಮೆ ಜನಗಣತಿ. 1841ರಿಂದ ಅದರಲ್ಲಿ ಎಲ್ಲರ ಹೆಸರೂ ಇದೆ. ಉದ್ಯೋಗಕ್ಕೆ ಒಂದು ಕಾಲಂ. ಆ ಕಾಲಮ್ಮಿನಲ್ಲಿ 'ಬ್ಯಾಂಡಿನವನು' ಅಂತ ಹುಡುಕಿದರೆ ಇಂಥವರು ಸಿಗುವುದಿಲ್ಲ. ನೇಕಾರ, ಉಣ್ಣೆ ಬಾಚುವವನು, ಕಲ್ಲಿದ್ದಲು ಕಡಿಯುವವನು ಅಂತಲೇ ಇರುತ್ತದೆ. ಹೊಟ್ಟೆ ತುಂಬಿಸಿದ ಕೆಲಸ ಅದು. ಹಡರ್ಸ್‌ಫೀಲ್ಡ್ ಹತ್ತಿರದ ಲಿಂತ್‌ವೇಟ್ ಅನ್ನುವ ಹಳ್ಳಿಯ ಎಡ್ವಿನ್ ಸ್ವಿಫ್ಟ್ ಆ ಕಾಲದ ಬ್ಯಾಂಡುಗಳನ್ನು ತಿದ್ದಿದ ದೊಡ್ಡ ಮಾಸ್ತರ. 1843ರಲ್ಲಿ ಹುಟ್ಟಿ 1904ರಲ್ಲಿ ತೀರಿಕೊಂಡವರು. ಅವರೂ ಮೊದಲು ನೇಕಾರರೇ.

ಆದ್ದರಿಂದ ಅಲ್ಲಿಯ ಜನ ಗಿರಣಿ ಹಿಡಿದು ಹುಡುಕುತ್ತಾರೆ. ಯಾರ್ಕ್‌ಷೈರಿನ ಕ್ವೀನ್ಸ್‌ಬರಿಯಲ್ಲಿ ಜಾನ್ ಫಾಸ್ಟರ್ ಅವರ ಉಣ್ಣೆ ಗಿರಣಿ ಇತ್ತು. 1855ರಲ್ಲಿ ಅಲ್ಲಿ ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡ್ ಆಯಿತು. ಇವತ್ತಿಗೂ ಇದೆ. ವೇಲ್ಸಿನ ಮೆರ್ಥಿರ್‌ನಲ್ಲಿ ಕ್ರಾಶೇ ಅನ್ನುವ ಕಬ್ಬಿಣದ ಕಾರ್ಖಾನೆ ಮಾಲೀಕರು 1838ರಲ್ಲೇ ಕವಾರ್ಥ್‌ವಾ (Cyfarthfa) ಬ್ಯಾಂಡ್ ಕಟ್ಟಿಸಿದ್ದರು. ಗಿರಣಿ ಯಾವುದು ಅಂತ ಗೊತ್ತಾದರೆ ಓಣಿ ಗೊತ್ತಾಗುತ್ತದೆ. ಓಣಿ ಗೊತ್ತಾದರೆ ಗಣತಿಯ ಪುಟ ಸಿಗುತ್ತದೆ. ಮೊದಲ ಹುಡುಕಾಟಕ್ಕೆ ಫ್ರೀಬಿಎಂಡಿ ಅನ್ನುವ ತಾಣ ಸಾಕು. ದುಡ್ಡು ಕೊಡಬೇಕಿಲ್ಲ. ಊರಿನ ಜನರೇ ಸುಮ್ನೆ ಕೂತು ಹಳೇ ಸೂಚಿಗಳನ್ನು ನಕಲು ಮಾಡಿ ಹಾಕಿದ್ದಾರೆ.

ನಮ್ಮ ಕಡೆಯೂ ಅದೇ ದಾರಿ. ಸೊಲ್ಲಾಪುರದ ಮೊದಲ ಗಿರಣಿ 1877ರದ್ದು, ಈಗಲೂ ಜನ ಅದನ್ನು ಜುನಿ ಮಿಲ್ ಅಂತಲೇ ಕರೆಯುತ್ತಾರೆ. ನಿಮ್ಮ ಮುತ್ಯಾ ಯಾವ ಗಿರಣಿ, ಯಾವ ಖಾತೆ, ಯಾವ ಪಾಳಿ ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಪಿಎಫ್ ಚೀಟಿ, ಇಎಸ್‌ಐ ಕಾರ್ಡು ಟ್ರಂಕಿನ ತಳದಲ್ಲಿ ಕಾಗದದ ಕೆಳಗೆ ಇರುತ್ತವೆ. ಮಕ್ಕಳ ಶಾಲೆಯ ದಾಖಲೆ ಪುಸ್ತಕ ಮರೆಯಬೇಡಿ. ನಮ್ಮಪ್ಪನ ಶಾಲೆಯ ಪುಸ್ತಕದಲ್ಲಿ ತಂದೆಯ ಉದ್ಯೋಗ ಅನ್ನುವ ಕಡೆ 'ಗಿರಣಿ' ಅಂತ ಒಂದೇ ಪದ ಇತ್ತು. ಮುತ್ಯಾನ ಕೈಬರಹದ ಸಹಿಯನ್ನು ನಾನು ಮೊದಲು ನೋಡಿದ್ದು ಅಲ್ಲೇ.

ಒಂದು ಎಚ್ಚರ. ನಮ್ಮ ಗಡಿಯಲ್ಲಿ ಹೆಸರು ಮೂರು ಬಾಯಿ ಹಾಯ್ದು ಬರುತ್ತದೆ. ಮನೆಯಲ್ಲಿ ಕನ್ನಡ, ಬರೆದುಕೊಂಡವನು ಮರಾಠಿ, ಚೀಟಿ ಇಂಗ್ಲಿಷ್. ಮಲ್ಲಪ್ಪ ಅನ್ನೋದು ಮಲಪಾ ಆಗುತ್ತದೆ, ಮಾಲಾಪ್ಪಾ ಆಗುತ್ತದೆ. ನಾನು ಒಂದು ಕಚೇರಿಗೆ ಮೂರು ಸಲ ಹೋದೆ. ಮೂರು ಸಲವೂ "ಅಂಥ ಹೆಸರಿಲ್ಲ" ಅಂದರು. ನಾಲ್ಕನೇ ಸಲ ಹೆಸರಿನ ಆರು ರೂಪ ಕಾಗದದ ಮೇಲೆ ಬರೆದುಕೊಂಡು ಹೋದೆ. ಐದನೆಯದು ಹೊಂದಿತು. ಇಂಗ್ಲೆಂಡಿನಲ್ಲೂ ಗಣತಿಯವನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡ ಹೆಸರುಗಳು ಬೇಕಾದಷ್ಟಿವೆ.

ಪೈಸೆಯ ಪುಸ್ತಕ

ಹಾಡಿನ ಲೆಕ್ಕ ಯಾರೂ ಇಡುವುದಿಲ್ಲ, ದುಡ್ಡಿನ ಲೆಕ್ಕ ಎಲ್ಲರೂ ಇಡುತ್ತಾರೆ. ಅದಕ್ಕೇ ದುಡ್ಡಿನ ಪುಸ್ತಕ ಹುಡುಕಿ.

ವಿಕ್ಟೋರಿಯಾ ಕಾಲದ ದುಡಿಯುವ ಜನಕ್ಕೆ ಸಾವಿಗಿಂತ ಜಾಸ್ತಿ ಹೆದರಿಕೆ ಇದ್ದದ್ದು ದಿಕ್ಕಿಲ್ಲದ ಮಣ್ಣಿಗೆ. 1834ರ ಕಾಯ್ದೆ ಬಂದ ಮೇಲೆ ಗತಿಯಿಲ್ಲದವರನ್ನು ವರ್ಕ್‌ಹೌಸ್ ಅನ್ನುವ ಬಡವರ ಮನೆಗೆ ಸೇರಿಸುತ್ತಿದ್ದರು. ಅದಕ್ಕೂ ಎರಡು ವರ್ಷ ಮೊದಲೇ, 1832ರಲ್ಲಿ, ಇನ್ನೊಂದು ಕಾಯ್ದೆ ಆಗಿತ್ತು. ಅಲ್ಲಿ ಸತ್ತವರ ಹೆಣ ಕೇಳಲು ಯಾರೂ ಬರದಿದ್ದರೆ ಅದನ್ನು ವೈದ್ಯಕೀಯ ಶಾಲೆಗೆ ಕೊಯ್ಯಲು ಕೊಡಬಹುದಿತ್ತು. ಹೆಸರು ಬರೆಯದ ಗುಂಡಿ, ಗಂಟೆ ಬಾರಿಸದ ಸಾವು. ಆ ಭಯಕ್ಕೆ ಮನೆಮನೆಯವರೂ ವಾರಕ್ಕೊಂದು ಪೆನ್ನಿ ಮಣ್ಣಿನ ಖರ್ಚಿಗೆ ದುಡ್ಡು ಕೂಡಿಡುವ ಸಂಘಕ್ಕೆ ಕಟ್ಟುತ್ತಿದ್ದರು. ಉಣ್ಣಲು ಇಲ್ಲದಿದ್ದರೂ ಅದನ್ನು ತಪ್ಪಿಸುತ್ತಿರಲಿಲ್ಲ. 1854ರಿಂದ ಪ್ರುಡೆನ್ಷಿಯಲ್ ಅನ್ನುವ ವಿಮಾ ಕಂಪನಿಯವರು ಬಾಗಿಲಿಗೇ ಬಂದು ಪೆನ್ನಿ ವಸೂಲಿ ಮಾಡತೊಡಗಿದರು.

ಓದುವಾಗ ನನಗೆ ನೆನಪಾದದ್ದು ನಮ್ಮ ಭಿಶಿ, ಎಲ್ಲರೂ ಸೇರಿ ದುಡ್ಡು ಹಾಕುವ ಚೀಟಿ. ಮುತ್ಯಾನ ಬ್ಯಾಂಡಿನಲ್ಲೂ ಭಿಶಿ ಇತ್ತು. ಆ ಬ್ಯಾಂಡನ್ನು ಈಗ ನಡೆಸುವವರ ಅಂಗಡಿಗೆ ಹೋಗಿ ಕೇಳಿದೆ. ಅವರು ಅಟ್ಟದಿಂದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ಇಳಿಸಿಕೊಟ್ಟರು. ಮರಾಠಿಯಲ್ಲಿ ಹೆಸರುಗಳು, ಪಕ್ಕದಲ್ಲಿ ಪ್ರತಿ ಶನಿವಾರ ಒಂದು ರೂಪಾಯಿ. ನಡುನಡುವೆ ದೊಡ್ಡ ಮೊತ್ತ ಹೋದ ಕಡೆ 'ಮಣ್ಣು' ಅಂತ ಮಾತ್ರ ಕನ್ನಡದಲ್ಲಿ ಬರೆದಿದ್ದರು. ಹನ್ನೆರಡು ವರ್ಷದಲ್ಲಿ ಅಂಥ ಆರು ಕಡೆ. ತಾರೀಖಿನ ಸಮೇತ. ಬ್ಯಾಂಡಿನಲ್ಲಿ ಯಾರು ಯಾವಾಗ ತೀರಿಕೊಂಡರು ಅನ್ನುವ ಪಟ್ಟಿ ನನಗೆ ಅಲ್ಲಿ ಸಿಕ್ಕಿತು. ಕೊನೆಯದು ಮುತ್ಯಾನದು. ಕೆಳಗೆ ಖರ್ಚು: ಬಿದಿರು, ಬಾಳೆಕಂಬ, ವಿಭೂತಿ, ಹೂವು, ಚಹಾ.

ಇಂಥ ಪುಸ್ತಕ ಸಿಕ್ಕರೆ ಮನೆಗೆ ಒಯ್ಯುತ್ತೇನೆ ಅನ್ನಬೇಡಿ. ಅಲ್ಲೇ ಕೂತು ಪ್ರತಿ ಪುಟದ ಫೋಟೋ ತೆಗೆದು, ಅಲ್ಲೇ ವಾಪಸ್ ಕೊಡಿ.

ಖುಷಿಯನ್ನೂ ಕೇಳಿ

ಬಡವರ ಬದುಕು ಬರೆಯುವಾಗ ಕಷ್ಟದ ಪಟ್ಟಿಯೇ ಆಗಿಬಿಡುತ್ತದೆ. ಅದು ಅವರಿಗೆ ಮಾಡುವ ಅನ್ಯಾಯ. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ತೋಟದಲ್ಲಿ ಎಂಟು ಬ್ಯಾಂಡುಗಳ ಸ್ಪರ್ಧೆ ಆಯಿತು. ಗೆದ್ದದ್ದು ಮಾಸ್ಲಿ ಅನ್ನುವ ಗಿರಣಿ ಊರಿನ ಪಾನನಿಷೇಧದ ಬ್ಯಾಂಡ್. ಅಲ್ಲಿಂದ ಪ್ರತಿ ಸೆಪ್ಟೆಂಬರಿನಲ್ಲಿ ಜಾತ್ರೆಯೇ ಆಗಿಹೋಯಿತು. 1860ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಊದಿದರು. ಎಂಡರ್ಬಿ ಜ್ಯಾಕ್ಸನ್ ಅನ್ನುವವರು ರೈಲಿನವರ ಜೊತೆ ಮಾತಾಡಿ ಅಗ್ಗದ ಟಿಕೆಟ್ ಕೊಡಿಸಿದ್ದರು. ಊರು ಬಿಟ್ಟು ಹೋಗದ ಗಿರಣಿಯವರು ಲಂಡನ್ ನೋಡಿ ಬಂದರು. ಮೆಲ್ತಮ್ ಮಿಲ್ಸ್ ಬ್ಯಾಂಡ್ 1876, 77, 78 ಮೂರು ವರ್ಷವೂ ಬೆಲ್ ವ್ಯೂ ಗೆದ್ದಿತು. ಮುಂದಿನ ಮೂರು ವರ್ಷ ಬ್ಲ್ಯಾಕ್ ಡೈಕ್. ಆ ಊರುಗಳಲ್ಲಿ ಎಷ್ಟು ಪಟಾಕಿ ಹಾರಿರಬೇಡ!

ನಮ್ಮಲ್ಲಿ ಕೇಳಬೇಕಾದದ್ದು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ನಂದಿಧ್ವಜದ ಮೆರವಣಿಗೆ, ಲಗ್ನದ ವರಾತ, ಬೇರೆ ಊರಿನ ಸುಪಾರಿ, ಅಂದರೆ ಬಾರಿಸಲು ಒಪ್ಪಿಕೊಂಡ ಕೆಲಸ. "ನಮ್ಮ ಮುತ್ಯಾ ಹೆಂಗಿದ್ದ?" ಅಂತ ಕೇಳಿದರೆ "ಛಲೋ ಮನಶಾ ಇದ್ದ" ಅಂತ ಒಂದೇ ಉತ್ತರ ಬರುತ್ತದೆ. ಹಾಗೆ ಕೇಳಬೇಡಿ. "ಸಾಲಿನಾಗ ಮುತ್ಯಾನ ಎಡಕ್ಕ ಯಾರ ನಿಂದರತಿದ್ರು?" ಅಂತ ಕೇಳಿ. ಹೆಸರು ಬರುತ್ತದೆ, ಹೆಸರಿನ ಹಿಂದೆ ಕತೆ ಬರುತ್ತದೆ. ಇನ್ನೂ ಒಳ್ಳೆಯದು, ವಾದ್ಯವನ್ನೇ ಅವರ ಕೈಗೆ ಕೊಡಿ. ಮುತ್ಯಾನ ಜೊತೆ ಸೈಡ್ ಡ್ರಮ್ ಬಾರಿಸಿದ ಒಬ್ಬ ಅಜ್ಜ ಇದ್ದಾರೆ, ಈಗ ಎಂಬತ್ತು ದಾಟಿದೆ. ಒಂದು ತಾಸು ಏನೂ ನೆನಪಿಲ್ಲ ಅಂದರು. ಕಾರ್ನೆಟ್ ಕೈಗೆ ಕೊಟ್ಟೆ. ಮೂರನೇ ವಾಲ್ವು ಒತ್ತಿ ಬಿಟ್ಟರು. ಅದು ಸ್ವಲ್ಪ ತಡೆದು ಮೇಲೆ ಬರುತ್ತದೆ. "ಇದು ಆವಾಗೂ ಹಿಂಗ ಹಿಡೀತಿತ್ತು" ಅಂದರು. ಆಮೇಲೆ ಸಂಜೆವರೆಗೂ ಮಾತಾಡಿದರು.

ಮಣ್ಣಿನ ದಿನ

ಇದಕ್ಕೆ ಜಾಸ್ತಿ ಸಮಯ ಕೊಡಿ. ಬ್ಯಾಂಡಿನವನ ಇಡೀ ಬದುಕಿನಲ್ಲಿ ಊರು ಅವನೊಬ್ಬನಿಗಾಗಿ ನಿಂತು ನೋಡಿದ ದಿನ ಅದು.

ಮೊದಲು ಕಾಯಿಲೆಯನ್ನು ಬರೆಯಿರಿ, ಮುಚ್ಚಿಡಬೇಡಿ. ಊದುವವನ ಆಸ್ತಿ ಅವನ ಉಸಿರು. ಗಿರಣಿ ತಿನ್ನುವುದೂ ಅದನ್ನೇ. ಬ್ರಾಡ್‌ಫರ್ಡ್ ಕಡೆ ಹೊರದೇಶದ ಉಣ್ಣೆ ಬಿಚ್ಚಿ ಆರಿಸುವವರಿಗೆ ಒಂದು ಕಾಯಿಲೆ ಬರುತ್ತಿತ್ತು. ಬೆಳಿಗ್ಗೆ ನೆಟ್ಟಗಿದ್ದವನು ಎರಡು ಮೂರು ದಿನದಲ್ಲಿ ಸಾಯುತ್ತಿದ್ದ. ಅದು ಉಣ್ಣೆಯ ಜೊತೆ ಬಂದ ಆಂಥ್ರಾಕ್ಸ್ ಅನ್ನುವುದನ್ನು 1880ರ ಹೊತ್ತಿಗೆ ಅಲ್ಲಿನ ಡಾಕ್ಟರ್ ಜಾನ್ ಹೆನ್ರಿ ಬೆಲ್ ತೋರಿಸಿದರು. ಇಂಗ್ಲೆಂಡಿನ ಸಾವಿನ ದಾಖಲೆಯಲ್ಲಿ ಕಾರಣಕ್ಕೆ ಒಂದು ಕಾಲಂ, ಬಂದು ಹೇಳಿದವರ ಹೆಸರಿಗೆ ಒಂದು ಕಾಲಂ ಇದೆ. ಹೆಂಡತಿಯೋ ಮಗನೋ ನಡೆದು ಬಂದು ಹೇಳಿರುತ್ತಾರೆ. ಬರೆಯಲು ಬಾರದವರಾದರೆ ಸಹಿಯ ಬದಲು ಒಂದು ಗುರುತು. ಮುತ್ಯಾನದು ಹತ್ತಿಯ ಧೂಳು. ಕೊನೆಯ ಎರಡು ವರ್ಷ ಒಂದು ಸಾಲು ಊದಿ ಒಂದು ಸಾಲು ಬಿಡುತ್ತಿದ್ದ. ಬಿಟ್ಟ ಸಾಲನ್ನು ಕ್ಲಾರ್ನೆಟ್ಟಿನವರು ತುಂಬುತ್ತಿದ್ದರಂತೆ, ಕೇಳುವವರಿಗೆ ಗೊತ್ತಾಗದ ಹಾಗೆ.

ವಿಕ್ಟೋರಿಯಾ ಕಾಲದ ಬ್ಯಾಂಡಿನವನು ಸತ್ತರೆ ಹೆಣ ಮನೆಯ ಮುಂದಿನ ಕೋಣೆಯಲ್ಲೇ ಕೆಲವು ದಿನ ಇರುತ್ತಿತ್ತು. ಕಿಟಕಿಯ ಪರದೆ ಎಳೆದಿರುತ್ತಿದ್ದರು. ಮಣ್ಣಿಗೆ ಆದಷ್ಟು ಭಾನುವಾರವನ್ನೇ ಹಿಡಿಯುತ್ತಿದ್ದರು. ಬೇರೆ ದಿನ ಹೋದರೆ ಬಂದವರಿಗೆಲ್ಲ ಕೂಲಿ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಅವನ ಟೋಪಿ, ಅವನ ವಾದ್ಯ. ಜೊತೆಯವರೇ ಪೆಟ್ಟಿಗೆ ಹೊರುತ್ತಿದ್ದರು. ಬ್ಯಾಂಡ್ ಮುಂದೆ. ಡ್ರಮ್ಮುಗಳಿಗೆ ಕಪ್ಪು ಬಟ್ಟೆ ಸುತ್ತಿ ಸದ್ದು ಮಂದ ಮಾಡುತ್ತಿದ್ದರು. ಬಾರಿಸುತ್ತಿದ್ದದ್ದು ಹ್ಯಾಂಡಲ್ ಅನ್ನುವ ಸಂಗೀತಗಾರರು ಬರೆದ ಡೆಡ್ ಮಾರ್ಚ್. ಸೌಲ ಅನ್ನುವ ಅವರ ದೊಡ್ಡ ಸಂಗೀತ ಕತೆಯಲ್ಲಿ ಬರುವ ನಡಿಗೆ ಅದು, ಜನ ಮೊದಲು ಕೇಳಿದ್ದು 1739ರಲ್ಲಿ. ನಾನು ಅದನ್ನು ಕೇಳುವ ಮೊದಲು ಅಳುವ ರಾಗ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಅದು ಸಿ ಮೇಜರಿನಲ್ಲಿದೆ. ನಮ್ಮ ಲೆಕ್ಕದಲ್ಲಿ ಎಲ್ಲ ಶುದ್ಧ ಸ್ವರಗಳು. ಬಹಳ ನಿಧಾನ, ನಡುವೆ ಡ್ರಮ್ಮಿನ ಮೆಲ್ಲನೆ ಏಟು. ಅಳಿಸುವುದಕ್ಕಿಂತ ಜಾಸ್ತಿ ಅದು ಎದೆ ನೆಟ್ಟಗೆ ಮಾಡಿ ನಡೆಸುತ್ತದೆ. ಹೊರುವವರಿಗೆ ಹೆಜ್ಜೆ ಕೊಡುತ್ತದೆ.

ಇಂಥ ಮೆರವಣಿಗೆ ನಡೆದರೆ ಊರಿನ ವಾರಪತ್ರಿಕೆ ನಾಲ್ಕು ಸಾಲು ಹಾಕುತ್ತಿತ್ತು. ಯಾವ ಬ್ಯಾಂಡು, ಯಾವ ದಾರಿ, ಗುಂಡಿಯ ಹತ್ತಿರ ಏನು ಬಾರಿಸಿದರು ಅಂತ. ಬ್ಯಾಂಡಿನವರದೇ ಪತ್ರಿಕೆಗಳೂ ಇದ್ದವು. ಬ್ರಾಸ್ ಬ್ಯಾಂಡ್ ನ್ಯೂಸ್ 1881ರಿಂದ, ಬ್ರಿಟಿಷ್ ಬ್ಯಾಂಡ್ಸ್‌ಮನ್ 1887ರಿಂದ. ಹೀಗಾಗಿ ಗಣತಿಯಲ್ಲಿ ಬರೀ ನೇಕಾರನಾಗಿದ್ದವನು ಸತ್ತ ಮೇಲೆ ಒಂದು ಸಲ ಬ್ಯಾಂಡಿನವನಾಗಿ ಅಚ್ಚಾಗುತ್ತಾನೆ. ಹಳೇ ಪತ್ರಿಕೆಗಳು ಈಗ ಆನ್‌ಲೈನಿನಲ್ಲಿವೆ. ಅದಕ್ಕೇ ಅಲ್ಲಿಯವರು ಸಾವಿನಿಂದ ಶುರು ಮಾಡಿ ಹಿಂದಕ್ಕೆ ನಡೆಯುತ್ತಾರೆ. ನೀವೂ ಹಾಗೇ ಮಾಡಿ.

ನಮಗೆ ಅಂಥ ಪತ್ರಿಕೆ ಇಲ್ಲ, ಜನರಿದ್ದಾರೆ. ಒಂದು ದೊಡ್ಡ ಹಾಳೆಯಲ್ಲಿ ಮನೆಯಿಂದ ಮಣ್ಣಿನವರೆಗಿನ ದಾರಿ ಬರೆಯಿರಿ. ತಿರುವು, ಗುಡಿ, ಗಿರಣಿ ಗೇಟು, ಎಲ್ಲ ಹಾಕಿ. ಆ ಹಾಳೆಯನ್ನು ಒಬ್ಬೊಬ್ಬರ ಮುಂದೆ ಇಟ್ಟು ಕೇಳಿ. ಎಲ್ಲಿ ನಿಂತಿರಿ? ಮುಂದೆ ಯಾರಿದ್ದರು? ಮಳೆ ಇತ್ತಾ? ಚಪ್ಪಲಿ ಇತ್ತಾ? ಯಾರು ಹೆಗಲು ಬದಲಿಸಿದರು? ಎರಡು ಮಂದಿ ಎರಡು ತರ ಹೇಳಿದರೆ ಎರಡನ್ನೂ ಬರೆದುಕೊಳ್ಳಿ.

ನನಗೆ ನೆನಪಿರುವುದು ಇಷ್ಟು. ಬಿದಿರು, ಬಾಳೆಕಂಬ ಕಟ್ಟಿ ವಿಮಾನ ಮಾಡಿದ್ದರು. ಮುತ್ಯಾನನ್ನು ಅದರಲ್ಲಿ ಕೂರಿಸಿದ್ದರು. ಹಣೆ ತುಂಬಾ ವಿಭೂತಿ, ತಲೆಗೆ ಹೊಸ ರುಮಾಲು. ತೊಡೆಯ ಮೇಲೆ ಕಾರ್ನೆಟ್. ಸಣ್ಣ ಮಳೆ. ಬ್ಯಾಂಡಿನವರು ಬಂದರು. ಅವರ ಹತ್ತಿರ ಇದ್ದದ್ದು ಲಗ್ನದ ಕೆಂಪು ಕೋಟು, ಬಂಗಾರದ ಬಣ್ಣದ ಲೇಸು. ಅದನ್ನು ಒಳಮೇಲು ಮಾಡಿ ಹಾಕಿಕೊಂಡಿದ್ದರು. ಒಳಗಿನ ಬಿಳಿ ಅಸ್ತರು, ಹೊಲಿಗೆಯ ದಾರ, ಜೇಬಿನ ಚೀಲ ಎಲ್ಲ ಹೊರಗೆ ಕಾಣುತ್ತಿತ್ತು. ನನಗೆ ಅದನ್ನು ನೋಡಿಯೇ ಅಳು ಬಂತು. ಸಾಲಿನಲ್ಲಿ ಬಲಗಡೆ ಮೊದಲನೇ ಜಾಗ ಖಾಲಿ ಬಿಟ್ಟು ನಡೆದರು. ಅದು ಮುತ್ಯಾನ ಜಾಗ. ಸೈಡ್ ಡ್ರಮ್ಮಿನ ಅಜ್ಜ, ಆಗ ಇನ್ನೂ ಅಜ್ಜ ಅಲ್ಲ, ಕೆಳಗಿನ ತಂತಿ ಸಡಿಲಿಸಿ ಚರ್ಮದ ಮೇಲೆ ಟವೆಲ್ ಕಟ್ಟಿದ್ದರು. ಢಬ್ ಅನ್ನುವ ಸದ್ದು. ಇಂಗ್ಲೆಂಡಿನ ಬ್ಯಾಂಡಿನವರು ಹಾಗೆ ಮಾಡುತ್ತಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವರೊಂದು ತತ್ವಪದ ಬಾರಿಸಿದರು, ನಡೆಯುವ ಹೆಜ್ಜೆಗಿಂತ ನಿಧಾನವಾಗಿ.

ಮಣ್ಣಿನಲ್ಲಿ ಕೂರಿಸಿ, ಜಂಗಮರು ಪೂಜೆ ಮಾಡಿ, ಬಿಲ್ವಪತ್ರೆ, ವಿಭೂತಿ ಹಾಕಿದರು. ಎಲ್ಲರೂ ಹಿಡಿಮಣ್ಣು ಕೊಟ್ಟರು. ಯಾರೋ ಕಾರ್ನೆಟ್ಟನ್ನೂ ಒಳಗೆ ಇಡೋಣ ಅಂದರು. ಬ್ಯಾಂಡಿನ ಮಾಲೀಕರು ಬೇಡ ಅಂದರು. "ಊದುವ ವಸ್ತು ಮಣ್ಣಿಗೆ ಹೋಗಬಾರದು." ಇಂಗ್ಲೆಂಡಿನಲ್ಲೂ ಪೆಟ್ಟಿಗೆಯ ಮೇಲಿನ ವಾದ್ಯ ಸಾಮಾನ್ಯವಾಗಿ ಬ್ಯಾಂಡಿನದೇ. ಕಂತಿನಲ್ಲಿ ಕೊಂಡದ್ದು, ಊರವರ ಚಂದಾ ಎತ್ತಿ ಕೊಂಡದ್ದು. ಮಣ್ಣು ಮುಗಿದ ಮೇಲೆ ಅದು ಅಭ್ಯಾಸದ ಕೋಣೆಗೆ ವಾಪಸ್ ಬಂದು ಇನ್ನೊಬ್ಬ ಹುಡುಗನ ಕೈ ಸೇರುತ್ತಿತ್ತು. ನಮ್ಮ ಕಾರ್ನೆಟ್ಟಿನ ಮೇಲಿನ ಚಿಕ್ಕ ಕೈಯ ಸವೆತ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಅವನದೂ ಒಂದು ಭಾನುವಾರ ಇದ್ದೇ ಇರುತ್ತದೆ.

ಬರೆದ ಮೇಲೆ

ಬರೆಯುವಾಗ ಅಲಂಕಾರ ಬೇಡ. ಯಾರು ಹೇಳಿದರು ಅನ್ನೋದನ್ನು ಪ್ರತಿ ಮಾತಿನ ಪಕ್ಕದಲ್ಲಿ ಹಾಕಿ: ಆಯಿ ಹೇಳಿದ್ದು, ಭಿಶಿ ಪುಸ್ತಕದಲ್ಲಿದ್ದದ್ದು, ನಾನು ನೋಡಿದ್ದು. ಹಾಳೆಯ ಬಲಗಡೆ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ಮೂರು ಪ್ರತಿ ಮಾಡಿಸಿ. ಒಂದು ಮನೆಗೆ, ವಾದ್ಯದ ಪೆಟ್ಟಿಗೆಯೊಳಗೆ ಇಡಿ. ಒಂದು ಬ್ಯಾಂಡಿನವರಿಗೆ. ಇನ್ನೊಂದನ್ನು ನಿಮ್ಮೂರ ವಾಚನಾಲಯಕ್ಕೆ ಕೊಡಿ. ಸೊಲ್ಲಾಪುರದವರಾದರೆ ಹಿರಾಚಂದ ನೇಮಚಂದ ವಾಚನಾಲಯ ಇದೆ.

ಆದರೆ ಕೊಡುವ ಮೊದಲು, ಆ ದಿನ ಅಲ್ಲಿದ್ದ ಒಬ್ಬರ ಮುಂದೆಯಾದರೂ ಕೂತು ಪೂರ್ತಿ ಗಟ್ಟಿಯಾಗಿ ಓದಿ. ನಾನು ಡ್ರಮ್ಮಿನ ಅಜ್ಜನ ಮುಂದೆ ಓದಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು, ಬೆರಳು ಮಂಚದ ಪಟ್ಟಿಯ ಮೇಲೆ ಆಡುತ್ತಿತ್ತು. ಗಿರಣಿ ಗೇಟಿನ ಮುಂದೆ ವಿಮಾನ ಇಳಿಸಿ ಸ್ವಲ್ಪ ಹೊತ್ತು ಬಾರಿಸಿದರು ಅಂತ ಬರೆದಿದ್ದೆ. ಅಲ್ಲಿಗೆ ಬಂದಾಗ ಬೆರಳು ನಿಂತಿತು.

"ಗೇಟಿನ ಮುಂದ ಅಲ್ಲ ತಂಗಿ. ಅದರ ಎದರಿನ ಚಹಾದ ಅಂಗಡಿ ಮುಂದ. ಪಾಳಿ ಬಿಟ್ಟ ಮ್ಯಾಲ ಅಂವಾ ಅಲ್ಲೇ ಕೂಡತಿದ್ದ, ಗಿರಣಿ ಭೋಂಗಾ ಕೂಗಿದ ಕೂಡಲೇ ಅದರ ಸ್ವರಾ ಹಿಡದು ಗುಣಗತಿದ್ದ."

ಬಲಗಡೆ ಬಿಟ್ಟ ಜಾಗದಲ್ಲಿ ಅದನ್ನು ಬರೆದುಕೊಂಡೆ. ಅಜ್ಜ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಓದಲು ಬಾರದಿದ್ದರೂ ಆ ಸಾಲನ್ನು ನೋಡಿದರು. ಆಮೇಲೆ ವಾಪಸ್ ಕೊಟ್ಟು, "ಮೊದಲಿಂದ ಓದು" ಅಂದರು.